ಮುಳ್ಳಿನಿಂದ ಮುಳ್ಳು: ಬ್ರೇಕಪ್ ಆದ ಬೆನ್ನಿಗೇ ಇನ್ನೊಬ್ಬರನ್ನು ಹುಡುಕುವ ಮನಸ್ಸು

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ ರಾತ್ರಿ, ನನ್ನ ಗೆಳತಿಯೊಬ್ಬಳು ತಾನಿದ್ದ ಪಿಜಿಯ ತಾರಸಿಗೆ ನನ್ನನ್ನು ಕರೆದೊಯ್ದು ಫೋನಿನಲ್ಲಿ ಒಂದು ಫೋಟೋ ತೋರಿಸಿ, "ಇದು ಚೆನ್ನಾಗಿದೆಯಾ? ಡೇಟಿಂಗ್ ಆ್ಯಪ್‌ಗೆ ಹಾಕ್ತಿದ್ದೀನಿ" ಎಂದು ಕೇಳಿದಳು. ನಾಲ್ಕು ವರ್ಷ ಜೊತೆಗಿದ್ದ ಹುಡುಗ ಕೈಕೊಟ್ಟು ಅಂದಿಗೆ ಹತ್ತೊಂಬತ್ತು ದಿನವಾಗಿತ್ತು. ನಂದಿಬೆಟ್ಟದಲ್ಲಿ ತೆಗೆದ ಆ ಫೋಟೋದಲ್ಲಿ ಅವಳು ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದಳು. ಎಡಬದಿಯಲ್ಲಿ ನಿಂತಿದ್ದವನನ್ನು ಕತ್ತರಿಸಿ ತೆಗೆದಿದ್ದಳು. ಆದರೆ ಅವಳ ಭುಜದ ಮೇಲೆ ಅವನ ಎರಡು ಬೆರಳುಗಳು ಹಾಗೆಯೇ ಉಳಿದುಕೊಂಡಿದ್ದವು. ಅದನ್ನು ನಾನು ಹೇಳಲಿಲ್ಲ. "ಯಾರಾದರೂ ಆಗಬಹುದು ಕಣೇ, ಒಂದೇ ಒಂದು ರಾತ್ರಿ ಅವನ ನೆನಪಿಲ್ಲದೆ ಕಳೆದರೆ ಸಾಕು. ನಾಳೆ ಏನಾಗುತ್ತೋ ಆಗಲಿ" ಎಂದಳು.

ಇಂಥ ಮಾತಿಗೆ ನಮ್ಮಲ್ಲಿ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. "ತಲೆ ಕೆಟ್ಟಿದೆಯಾ ನಿನಗೆ?" ಎನ್ನುವುದು ಒಂದು, "ಹೋಗು, ಮಜಾ ಮಾಡು, ಅವನಿಗೆ ಬುದ್ಧಿ ಬರಲಿ" ಎನ್ನುವುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಬರುವ ಮಾತುಗಳು, ಆದರೆ ಎದುರಿಗಿರುವವಳಿಗೆ ಆ ಹೊತ್ತಿನಲ್ಲಿ ನಿಜಕ್ಕೂ ಏನು ಬೇಕಾಗಿದೆ ಎಂಬುದನ್ನು ಎರಡೂ ವಿಚಾರಿಸುವುದಿಲ್ಲ. ಎದೆಯೊಡೆದ ಮನುಷ್ಯ ಹಿಂದುಮುಂದು ನೋಡದೆ ಇನ್ನೊಬ್ಬರ ತೋಳಿಗೆ ಹಾತೊರೆಯುವುದು ಏಕೆ, ಹಾಗೆ ಹೋದವರಿಗೆ ಏನಾಗುತ್ತದೆ, ಪಕ್ಕದಲ್ಲಿ ಕುಳಿತ ಸ್ನೇಹಿತರು ಏನು ಮಾಡಬಹುದು ಎಂಬ ಪ್ರಶ್ನೆಗಳನ್ನು ಮನಶ್ಶಾಸ್ತ್ರಜ್ಞರು ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಕೆದಕಿದ್ದಾರೆ. ಅವರಿಗೆ ಸಿಕ್ಕ ಉತ್ತರಗಳು ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಬೇರೆಯೇ ಆಗಿವೆ.

ಇದಕ್ಕೆ ಇಂದು ಎಲ್ಲರ ಬಾಯಲ್ಲಿರುವ ಹೆಸರು ರಿಬೌಂಡ್. ಗೋಡೆಗೆ ಬಡಿದ ಚೆಂಡು ಪುಟಿದು ಎತ್ತಲೋ ಹಾರುವಂತೆ, ಒಂದು ಸಂಬಂಧದಿಂದ ಎಸೆಯಲ್ಪಟ್ಟವರು ಆ ವೇಗದಲ್ಲೇ ಇನ್ನೊಂದಕ್ಕೆ ಹೋಗಿ ಬೀಳುತ್ತಾರೆ ಎಂಬುದು ಆ ಪದದ ಚಿತ್ರ. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲವಾದರೂ ಇದರ ತರ್ಕ ನಮ್ಮ ಗಾದೆಯಲ್ಲೇ ಇದೆ: ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ರೋಮಿನ ಕವಿ ಓವಿಡ್ ಕೂಡ ಎರಡು ಸಾವಿರ ವರ್ಷಗಳ ಹಿಂದೆ, ಹೊಸ ಪ್ರೇಮವೊಂದು ಬಂದರೆ ಹಳೆಯದು ಸೋಲುತ್ತದೆ ಎಂದೇ ಬರೆದಿದ್ದ. ನಮ್ಮ ಅಲಂಕಾರಶಾಸ್ತ್ರ ವಿರಹಕ್ಕೆ ಹತ್ತು ಅವಸ್ಥೆಗಳನ್ನು ಎಣಿಸುತ್ತದೆ. ಅಭಿಲಾಷೆ, ಚಿಂತೆ, ಸ್ಮೃತಿಗಳಿಂದ ಹೊರಟು ಗುಣಕೀರ್ತನೆ, ಉದ್ವೇಗ, ಪ್ರಲಾಪ, ಉನ್ಮಾದ, ವ್ಯಾಧಿ, ಜಡತೆಗಳನ್ನು ದಾಟಿ ಕೊನೆಗೆ ಮರಣದವರೆಗೂ ಆ ಪಟ್ಟಿ ಹೋಗುತ್ತದೆ. ಸಾಯುವುದಕ್ಕೂ ಅದರಲ್ಲಿ ಜಾಗವಿದೆ, ಇನ್ನೊಬ್ಬನನ್ನು ಹುಡುಕುವುದಕ್ಕೆ ಇಲ್ಲ.

ಮೊದಲು ದೇಹದ ಸಂಗತಿಯನ್ನು ನೋಡೋಣ, ಏಕೆಂದರೆ "ಮನಸ್ಸು ಗಟ್ಟಿ ಮಾಡಿಕೋ" ಎಂಬ ಸಲಹೆ ಏಕೆ ಕೆಲಸ ಮಾಡುವುದಿಲ್ಲ ಎಂಬುದು ಅಲ್ಲಿಯೇ ತಿಳಿಯುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಅವರ ಸಂಗಡಿಗರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪ್ರೀತಿಸಿದವರಿಂದ ಇತ್ತೀಚೆಗಷ್ಟೇ ತಿರಸ್ಕೃತರಾಗಿದ್ದು ಇನ್ನೂ ಅವರನ್ನೇ ಪ್ರೀತಿಸುತ್ತಿದ್ದ 15 ಮಂದಿಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೋ ತೋರಿಸಲಾಯಿತು. ನಡುನಡುವೆ ಆ ಭಾವ ಇಳಿಯಲೆಂದು, ದೊಡ್ಡ ಸಂಖ್ಯೆಯೊಂದರಿಂದ ಏಳೇಳನ್ನು ಕಳೆಯುತ್ತ ಹಿಂದಕ್ಕೆ ಎಣಿಸುವ ಲೆಕ್ಕವನ್ನು ಕೊಡುತ್ತಿದ್ದರು. ಫೋಟೋ ಕಂಡಾಗ ಚುರುಕಾದದ್ದು ಮಿದುಳಿನ ದುಃಖದ ಮೂಲೆಯಷ್ಟೇ ಆಗಿರಲಿಲ್ಲ. ಬಯಸಿದ್ದನ್ನು ಪಡೆಯಲು ನಮ್ಮನ್ನು ಮುನ್ನುಗ್ಗಿಸುವ, ಡೋಪಮಿನ್ ಎಂಬ ರಾಸಾಯನಿಕದಿಂದ ನಡೆಯುವ ವ್ಯವಸ್ಥೆಯೂ ಚುರುಕಾಗಿತ್ತು. ಕೊಕೇನ್ ಚಟವಿರುವವರಿಗೆ ಆ ಪುಡಿಯ ಹಂಬಲ ಹುಟ್ಟಿದಾಗ ಎಚ್ಚರಗೊಳ್ಳುವ ಭಾಗಗಳೇ ಇಲ್ಲಿಯೂ ಎಚ್ಚರಗೊಂಡಿದ್ದವು. ಹದಿನೈದು ಜನರ ಅಧ್ಯಯನದಿಂದ ಬಹಳ ದೂರ ಹೋಗಲಾಗದು ನಿಜ. ಆದರೂ ರಾತ್ರಿ ಒಂದು ಗಂಟೆಗೆ ಹಳೆಯ ಹುಡುಗನ ಲಾಸ್ಟ್ ಸೀನ್ ನೋಡಲು ಐದು ನಿಮಿಷಕ್ಕೊಮ್ಮೆ ಫೋನ್ ಎತ್ತಿಕೊಳ್ಳುವ ಕೈಯನ್ನು ಪಕ್ಕದಲ್ಲಿ ಕುಳಿತು ಕಂಡವರಿಗೆ, ಆ ಹೋಲಿಕೆ ಉತ್ಪ್ರೇಕ್ಷೆ ಎನಿಸುವುದಿಲ್ಲ. ಅದೇ ಅಧ್ಯಯನದಲ್ಲಿ ಸಮಾಧಾನದ ಒಂದು ಅಂಶವೂ ಇತ್ತು: ತಿರಸ್ಕೃತರಾಗಿ ಹೆಚ್ಚು ದಿನ ಕಳೆದವರಲ್ಲಿ, ಅಂಟಿಕೊಳ್ಳುವಿಕೆಗೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಾಗಿತ್ತು.

ನೋವು ಎಂಬ ಪದವನ್ನೂ ಇಲ್ಲಿ ಸ್ವಲ್ಪ ತೂಗಿ ಬಳಸಬೇಕು. 2011ರಲ್ಲಿ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರು, ಹಿಂದಿನ ಆರು ತಿಂಗಳೊಳಗೆ ತಮಗೆ ಬೇಡದ ಬ್ರೇಕಪ್ ಅನುಭವಿಸಿದ್ದ 40 ಜನರಿಗೆ ಒಮ್ಮೆ ಹಳೆಯ ಸಂಗಾತಿಯ ಫೋಟೋ ತೋರಿಸಿದರು, ಇನ್ನೊಮ್ಮೆ ಮುಂಗೈಗೆ ಚುರುಕ್ಕೆನ್ನುವಷ್ಟು ಬಿಸಿ ತಾಗಿಸಿದರು. ಎರಡೂ ಸಂದರ್ಭಗಳಲ್ಲಿ ಮಿದುಳಿನ ಕೆಲವು ಒಂದೇ ಪ್ರದೇಶಗಳು ಸ್ಪಂದಿಸಿದವು. ಎದೆಯ ನೋವು ಮತ್ತು ಮೈಯ ನೋವು ಒಂದೇ ಎಂದು ಪತ್ರಿಕೆಗಳು ಆಗ ಸಂಭ್ರಮದಿಂದ ಬರೆದವು. ಆದರೆ 2014ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನಡೆಸಿದ ವಿಶ್ಲೇಷಣೆಯೊಂದು, ಪ್ರದೇಶ ಒಂದೇ ಆದರೂ ಅಲ್ಲಿ ಮೂಡುವ ವಿನ್ಯಾಸಗಳು ಬೇರೆ ಬೇರೆ ಎಂದು ತೋರಿಸಿತು. ಒಂದೇ ವಠಾರದ ಎರಡು ಮನೆಗಳೆಂದರೆ ಸರಿಯಾದೀತು. ಒಂದು ಮನೆಯ ಗಲಾಟೆ ಇನ್ನೊಂದಕ್ಕೆ ಕೇಳಿಸುತ್ತದೆ, ಆದರೆ ಬಾಗಿಲುಗಳು ಬೇರೆ. ಹಾಗಾಗಿ ನನ್ನ ಗೆಳತಿಯ "ಎದೆ ಉರೀತಿದೆ ಕಣೇ" ಎಂಬ ಮಾತನ್ನು ನಾಟಕವೆಂದು ತಳ್ಳಿಹಾಕುವಂತೆಯೂ ಇಲ್ಲ, ಮಾತ್ರೆ ನುಂಗಿದರೆ ಹೋಗುವ ನೋವೆಂದು ತಿಳಿಯುವಂತೆಯೂ ಇಲ್ಲ.

ಇದರ ಜೊತೆಗೆ ಇನ್ನೊಂದು ಹಳೆಯ ತಿಳಿವಳಿಕೆಯನ್ನು ಸೇರಿಸಿಕೊಳ್ಳಬೇಕು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲಿ, ಆಸ್ಪತ್ರೆಗೆ ಸೇರಿ ತಾಯಿಯಿಂದ ದೂರವಾದ ಎಳೆಯ ಮಕ್ಕಳನ್ನು ಗಮನಿಸಿ, ಮಗು ಮೊದಲು ಹಠ ಹಿಡಿದು ಅಳುತ್ತದೆ, ಆಮೇಲೆ ಕುಗ್ಗಿಹೋಗುತ್ತದೆ, ಕೊನೆಗೆ ಏನೂ ಆಗಿಲ್ಲವೆಂಬಂತೆ ವಿಮುಖವಾಗುತ್ತದೆ ಎಂದು ವಿವರಿಸಿದರು. 1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬ ಮನಶ್ಶಾಸ್ತ್ರಜ್ಞರು, ತಾಯಿ ಮಗುವಿನ ನಡುವಣ ಈ ಅಂಟು ವಯಸ್ಕರ ಪ್ರೇಮಕ್ಕೂ ಅನ್ವಯಿಸುತ್ತದೆ ಎಂಬ ವಾದವನ್ನು ಮುಂದಿಟ್ಟರು. ಆ ದೃಷ್ಟಿಯಲ್ಲಿ ನೋಡಿದರೆ, ಹತ್ತೊಂಬತ್ತನೆಯ ದಿನದ ತಾರಸಿಯ ಮೇಲೆ ನಡೆಯುತ್ತಿದ್ದುದು ಹಠದ ಹಂತ. ಮಗು ಕೈಗೆ ಸಿಕ್ಕಿದ ಆಟಿಕೆಯನ್ನು ಎಸೆಯುತ್ತದೆ. ಇಪ್ಪತ್ತೇಳರ ಹುಡುಗಿ ಡೇಟಿಂಗ್ ಆ್ಯಪ್ ಇಳಿಸಿಕೊಳ್ಳುತ್ತಾಳೆ. ಎರಡರಲ್ಲೂ ಕಿವಿಗೊಟ್ಟು ಕಾಯುತ್ತಿರುವುದು ಒಂದೇ ಹೆಜ್ಜೆಯ ಸದ್ದಿಗಾಗಿ.

ಕಳೆದುಕೊಂಡದ್ದು ಆ ಹುಡುಗನನ್ನು ಮಾತ್ರವೇ ಎಂಬುದು ಮುಂದಿನ ಪ್ರಶ್ನೆ. ಬ್ರೇಕಪ್ ಆದವರ ನೋವಿನಲ್ಲಿ ಒಂದು ದೊಡ್ಡ ಪಾಲು, ತಾನು ಯಾರೆಂಬುದೇ ಮಸುಕಾಗುವುದರಿಂದ ಬರುತ್ತದೆ ಎಂದು ಎರಿಕಾ ಸ್ಲಾಟರ್, ವೆಂಡಿ ಗಾರ್ಡ್‌ನರ್ ಮತ್ತು ಎಲೈ ಫಿಂಕೆಲ್ 2010ರಲ್ಲಿ ತೋರಿಸಿದರು. ಜೊತೆಗಿದ್ದಾಗ ಇಬ್ಬರ ಅಭಿರುಚಿ, ಗೆಳೆಯರ ಬಳಗ, ಮುಂದಿನ ವರ್ಷದ ಯೋಜನೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಬ್ಬರು ಎದ್ದುಹೋದಾಗ ಆ ನೇಯ್ಗೆಯಲ್ಲಿ ತನ್ನ ಎಳೆ ಯಾವುದು ಎಂದು ಗುರುತಿಸುವುದೇ ಕಷ್ಟವಾಗುತ್ತದೆ. ನನ್ನ ಗೆಳತಿಯಲ್ಲಿ ಇದು ಸರ್ವನಾಮದಲ್ಲೇ ಕಾಣುತ್ತಿತ್ತು. "ನಾವು ಭಾನುವಾರ ಬೆಳಿಗ್ಗೆ ತಿಂಡಿ ಮಾಡೋದೇ ಇಲ್ಲ, ಹೊರಗೇ ತಿನ್ನೋದು" ಎಂದು ವರ್ತಮಾನದಲ್ಲೇ ಹೇಳಿ, ಅರೆಕ್ಷಣ ತಡೆದು, ಏನನ್ನೂ ತಿದ್ದಿಕೊಳ್ಳದೆ ಮುಂದಕ್ಕೆ ಹೋಗುತ್ತಿದ್ದಳು. ಫಿಲ್ಟರ್ ಕಾಫಿಗೆ ಸಕ್ಕರೆ ಬೇಡವೆನ್ನುವುದು ತನ್ನ ರುಚಿಯೋ ಅವನದ್ದೋ ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು. ನಾವು ಕಾಲೇಜಿನಲ್ಲಿದ್ದಾಗ ಅವಳು ಎರಡು ಚಮಚ ಹಾಕಿಕೊಳ್ಳುತ್ತಿದ್ದದ್ದು ನನಗೆ ನೆನಪಿತ್ತು, ಹೇಳಿದೆ.

ಆದ್ದರಿಂದ ತಾರಸಿಯ ಮೇಲಿನ ಆ ಬೇಡಿಕೆಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ಹಸಿವುಗಳು ಸೇರಿಕೊಂಡಿದ್ದವು ಎಂದು ನನಗನಿಸುತ್ತದೆ. ಉರಿ ಸ್ವಲ್ಪ ಹೊತ್ತಾದರೂ ಆರಲಿ ಎಂಬುದು ಒಂದು. ತನ್ನನ್ನು ಬೇಡವೆಂದವನೊಬ್ಬನಿದ್ದರೂ ಬೇಕೆನ್ನುವವರು ಇನ್ನೂ ಇದ್ದಾರೆ ಎಂಬುದಕ್ಕೆ ಸಾಕ್ಷಿ ಸಿಗಲಿ ಎಂಬುದು ಇನ್ನೊಂದು. ಈ ಸುದ್ದಿ ಹೇಗಾದರೂ ಅವನ ಕಿವಿಗೆ ಬೀಳಲಿ ಎಂಬುದು ಮೂರನೆಯದು, ಮತ್ತು ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಕಾಮದ ಹಸಿವು ಇವುಗಳ ಹಿಂದೆ ಎಲ್ಲೋ ಸಾಲಿನ ಕೊನೆಯಲ್ಲಿ ನಿಂತಿತ್ತು. ಪ್ರೇಮದ ಹಸಿವಂತೂ ಸಾಲಿಗೇ ಬಂದಿರಲಿಲ್ಲ.

ಹಾಗಾದರೆ ಇಷ್ಟು ದುಡುಕು ಏಕೆ? ಬೇರೆಲ್ಲ ವಿಷಯಗಳಲ್ಲಿ ಲೆಕ್ಕಾಚಾರದ ಹುಡುಗಿ, ಆಟೋ ಹತ್ತಿದರೆ ಮನೆಗೆ ಲೊಕೇಶನ್ ಕಳಿಸುವವಳು, "ಯಾರಾದರೂ ಆಗಬಹುದು" ಎನ್ನುವ ಮಟ್ಟಕ್ಕೆ ಬಂದದ್ದು ಹೇಗೆ? ಇದಕ್ಕೆ ನನಗೆ ಅತ್ಯಂತ ಒಪ್ಪಿತವೆನಿಸಿದ ವಿವರಣೆ ಡಯಾನ್ ಟೈಸ್, ಎಲೆನ್ ಬ್ರಾಟ್ಸ್‌ಲಾವ್‌ಸ್ಕಿ ಮತ್ತು ರಾಯ್ ಬಾಮೈಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿದೆ. ಮನಸ್ಸು ಕೆಟ್ಟವರು ಕುರುಕಲು ತಿಂಡಿಯನ್ನು ಹೆಚ್ಚು ತಿನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಆದರೆ ಇನ್ನು ಸ್ವಲ್ಪ ಹೊತ್ತು ಏನು ಮಾಡಿದರೂ ನಿಮ್ಮ ಮನಸ್ಥಿತಿ ಬದಲಾಗದು ಎಂದು ಪ್ರಯೋಗಕಾರರು ನಂಬಿಸಿದಾಗ, ಮನಸ್ಸು ಕೆಟ್ಟವರೂ ಹೆಚ್ಚಿಗೆ ತಿನ್ನಲಿಲ್ಲ. ಅಂದರೆ ದುಃಖ ನಮ್ಮ ಸಂಯಮದ ಶಕ್ತಿಯನ್ನೇ ಹೀರಿಬಿಡುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಸಂಯಮ ಇದ್ದೇ ಇರುತ್ತದೆ. ಈ ಕ್ಷಣದ ಉರಿಯನ್ನು ಆರಿಸುವುದು ನಾಳೆಯ ಲೆಕ್ಕಕ್ಕಿಂತ ಮುಖ್ಯವೆಂದು ಮನಸ್ಸೇ ತೀರ್ಮಾನಿಸಿ ಅದನ್ನು ಬದಿಗಿಡುತ್ತದೆ. ಇದು ತಿಳಿದರೆ ಉಪದೇಶ ಏಕೆ ಸೋಲುತ್ತದೆ ಎಂಬುದೂ ತಿಳಿಯುತ್ತದೆ. ನಾಳೆಯ ಅಪಾಯಗಳನ್ನು ನಾವು ಎಷ್ಟೇ ವರ್ಣಿಸಿದರೂ ಅವಳು ಅವನ್ನು ಆಗಲೇ ಎಣಿಸಿ, ಬೇಕೆಂದೇ ಪಕ್ಕಕ್ಕಿಟ್ಟಿದ್ದಾಳೆ. ನಾವು ಮುಟ್ಟಬಹುದಾದದ್ದು ಇನ್ನೊಂದು ತುದಿಯನ್ನು: ಆ ರಾತ್ರಿಯಿಂದ ಉರಿ ಆರುತ್ತದೆ ಎಂಬ ಅವಳ ನಂಬಿಕೆಯನ್ನು.

ಇದಕ್ಕೆ ಇನ್ನೊಂದು ಎಳೆಯೂ ಸೇರುತ್ತದೆ. ಕೆನಡಾದ ವ್ಯಾಂಕೂವರ್ ಬಳಿಯ ಕ್ಯಾಪಿಲಾನೊ ಕಣಿವೆಯಲ್ಲಿ, ಸುಮಾರು 70 ಮೀಟರ್ ಎತ್ತರದಲ್ಲಿ ತೂಗಾಡುವ ಸೇತುವೆಯೊಂದಿದೆ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಸೇತುವೆಯ ಮೇಲೆ ಒಬ್ಬ ಯುವತಿ ಗಂಡಸರನ್ನು ಮಾತನಾಡಿಸಿ ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಗಟ್ಟಿಯಾದ, ತಗ್ಗಿನ ಸೇತುವೆಯ ಮೇಲೆ ಭೇಟಿಯಾದವರಿಗಿಂತ ತೂಗುಸೇತುವೆಯಲ್ಲಿ ಭೇಟಿಯಾದವರೇ ಆಮೇಲೆ ಅವಳಿಗೆ ಹೆಚ್ಚಾಗಿ ಫೋನ್ ಮಾಡಿದರು. ಭಯದಿಂದ ಹೊಡೆದುಕೊಂಡ ಎದೆಯನ್ನು ಅವರು ಆಕರ್ಷಣೆಯೆಂದು ಓದಿಕೊಂಡಿದ್ದರು ಎಂಬುದು ಸಂಶೋಧಕರ ವಾದ. ನಿದ್ದೆಗೆಟ್ಟು, ಊಟ ಬಿಟ್ಟು, ದಿನವಿಡೀ ಎದೆ ಡವಗುಟ್ಟುತ್ತಿರುವ ಮನುಷ್ಯ ಒಂದು ಅರ್ಥದಲ್ಲಿ ಆ ತೂಗುಸೇತುವೆಯ ಮೇಲೆಯೇ ಓಡಾಡುತ್ತಿರುತ್ತಾನೆ. ಹಾಗಿರುವಾಗ ಎರಡು ಒಳ್ಳೆಯ ಮಾತಾಡಿದ ಅಪರಿಚಿತ ತನಗಾಗಿಯೇ ಹುಟ್ಟಿದವನೆಂದು ತೋರಿದರೆ ಆಶ್ಚರ್ಯವಿಲ್ಲ.

ಇನ್ನು, ಹಾಗೆ ಹೋದವರಿಗೆ ಏನಾಯಿತು ಎಂಬ ಪ್ರಶ್ನೆ. ಲಿಂಡ್ಸೆ ಬಾರ್ಬರ್ ಮತ್ತು ಲಿನ್ ಕೂಪರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಎಂಟು ತಿಂಗಳಲ್ಲಿ ಬ್ರೇಕಪ್ ಆಗಿದ್ದ 170 ಕಾಲೇಜು ವಿದ್ಯಾರ್ಥಿಗಳು ವಾರವಾರವೂ ದಿನಚರಿಯಂತೆ ಉತ್ತರಗಳನ್ನು ಬರೆದುಕೊಟ್ಟರು. ದುಃಖ ಮರೆಯಲು, ಹಳಬರನ್ನು ದಾಟಿಹೋಗಲು ಅಥವಾ ಅವರ ಮೇಲೆ ಸೇಡು ತೀರಿಸಿಕೊಳ್ಳಲು ದೈಹಿಕ ಸಂಬಂಧ ಬೆಳೆಸುವ ಉದ್ದೇಶ ಬ್ರೇಕಪ್ ಆದ ಹೊಸತರಲ್ಲಿ ಹೆಚ್ಚಾಗಿದ್ದು, ಕಾಲ ಸರಿದಂತೆ ತಾನಾಗಿಯೇ ಇಳಿಯುತ್ತಿತ್ತು. ತಾವಾಗಿ ಬಿಟ್ಟವರಿಗಿಂತ ಬಿಡಲ್ಪಟ್ಟವರಲ್ಲಿ, ಸಡಿಲ ಸಂಬಂಧದಲ್ಲಿದ್ದವರಿಗಿಂತ ಗಾಢವಾಗಿ ತೊಡಗಿಕೊಂಡಿದ್ದವರಲ್ಲಿ ಈ ಪ್ರವೃತ್ತಿ ಹೆಚ್ಚು. ಇಂಥ ಉದ್ದೇಶಗಳಿಂದ ಹೊಸಬರ ಬಳಿ ಹೋಗುತ್ತಿದ್ದವರು ದಿನ ಕಳೆದರೂ ಒಬ್ಬರಾದ ಮೇಲೆ ಒಬ್ಬ ಹೊಸಬರನ್ನು ಹುಡುಕುತ್ತಲೇ ಇರುವುದೂ ಕಂಡುಬಂತು. ಚೇತರಿಕೆ ನಿಧಾನವಾದವರು ಹಾಗೆ ಮಾಡುತ್ತಾರೋ ಅಥವಾ ಹಾಗೆ ಮಾಡುವುದರಿಂದ ಚೇತರಿಕೆ ನಿಧಾನವಾಗುತ್ತದೋ ಎಂಬುದನ್ನು ಇಂಥ ದಿನಚರಿಗಳಿಂದ ಬಿಡಿಸುವುದು ಕಷ್ಟ.

ಇಲ್ಲಿಗೆ ನಿಲ್ಲಿಸಿದ್ದರೆ "ನೋಡಿದೆಯಾ, ನಾನು ಹೇಳಲಿಲ್ಲವೇ" ಎನ್ನುವ ಹಿರಿಯರಿಗೆ ಸಂತೋಷವಾಗುತ್ತಿತ್ತು. ಆದರೆ ಕ್ಲೌಡಿಯಾ ಬ್ರಂಬಾ ಮತ್ತು ಕ್ರಿಸ್ ಫ್ರೇಲಿ ಸರಿಸುಮಾರು ಅದೇ ಹೊತ್ತಿನಲ್ಲಿ ನಡೆಸಿದ ಅಧ್ಯಯನ ಹೇಳಿದ್ದೇ ಬೇರೆ. ಬ್ರೇಕಪ್ ಆದ ಮೇಲೆ ಒಂಟಿಯಾಗಿದ್ದವರಿಗಿಂತ ಹೊಸ ಸಂಬಂಧದಲ್ಲಿದ್ದವರು ತಮ್ಮ ಬಗ್ಗೆ ಹೆಚ್ಚು ವಿಶ್ವಾಸ ಹೊಂದಿದ್ದರು, ಹಳಬರ ಗುಂಗಿನಿಂದ ಹೆಚ್ಚು ಹೊರಬಂದಿದ್ದರು. ಅವರಲ್ಲಿಯೂ ಬೇಗ ಹೊಸ ಸಂಬಂಧಕ್ಕೆ ಹೋದವರ ಮನಃಸ್ಥಿತಿ ತಡವಾಗಿ ಹೋದವರಿಗಿಂತ ಕೆಟ್ಟದಾಗಿರಲಿಲ್ಲ, ಕೆಲವು ಅಳತೆಗಳಲ್ಲಿ ಉತ್ತಮವಾಗಿಯೇ ಇತ್ತು. ಸ್ಟೆಫನಿ ಸ್ಪೀಲ್‌ಮನ್ ಮತ್ತು ಸಂಗಡಿಗರು 2009ರಲ್ಲೇ ಇನ್ನೊಂದು ಮಾತು ಹೇಳಿದ್ದರು: ಸದಾ ಬಿಟ್ಟುಹೋಗುವರೆಂಬ ಆತಂಕದಲ್ಲೇ ಪ್ರೀತಿಸುವ ಸ್ವಭಾವದವರಿಗೆ, ಹೊಸಬರೊಬ್ಬರ ಕಡೆ ಗಮನ ಹರಿಸುವುದು, ಹೊಸಬರು ಸಿಕ್ಕಾರು ಎಂಬ ಭರವಸೆಯಷ್ಟೇ ಕೂಡ, ಹಳಬರನ್ನು ಬಿಟ್ಟುಕೊಡಲು ನೆರವಾಗುತ್ತದೆ.

ಇವನ್ನೆಲ್ಲ ಒಟ್ಟಿಗೆ ಓದಿದಾಗ ನನಗೆ ಕಾಣುವುದು ಇಷ್ಟು: ಬೇಗ ಎಂಬುದು ಸ್ವತಃ ವಿಷವಲ್ಲ. ಪರಿಣಾಮವು ಏಕೆ ಎಂಬುದರ ಮೇಲೆ ಹೆಚ್ಚು ನಿಂತಿದೆ. ಎದುರಿಗಿರುವ ವ್ಯಕ್ತಿಯ ಬಗ್ಗೆ ನಿಜವಾದ ಕುತೂಹಲ ಹುಟ್ಟಿ ಹೋದ ಮೂರನೆಯ ವಾರದ ಭೇಟಿಗೂ, ಯಾರಾದರೂ ಆಗಬಹುದೆಂದು ಹೋದ ಮೂರನೆಯ ವಾರದ ಭೇಟಿಗೂ ದಿನಗಳ ಲೆಕ್ಕ ಒಂದೇ, ಉಳಿದದ್ದೆಲ್ಲ ಬೇರೆ. ಇವು ಬಹುಪಾಲು ಅಮೆರಿಕ, ಕೆನಡಾಗಳ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳು ಎಂಬುದನ್ನೂ ಮರೆಯುವಂತಿಲ್ಲ. ಒಂದು ರಾತ್ರಿಯ ಸಂಗತಿಯನ್ನು ಹಾಸ್ಟೆಲ್ಲಿನ ಹರಟೆಯಷ್ಟು ಹಗುರವಾಗಿ ತೆಗೆದುಕೊಳ್ಳುವ ಸಮಾಜಕ್ಕೂ, ಪಿಜಿ ಆಂಟಿಯ ಕಣ್ಣು ತಪ್ಪಿಸಿ ಒಳಬರಬೇಕಾದ, ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿಗೆ ಅಂಜಬೇಕಾದ ನಮ್ಮ ಊರಿಗೂ ಅಂತರವಿದೆ. ಅದೇ ಕೆಲಸಕ್ಕೆ ಇಲ್ಲಿ ಹುಡುಗಿ ತೆರುವ ಬೆಲೆ ಹೆಚ್ಚು, ಹುಡುಗನಿಗಿಂತಲಂತೂ ಬಹಳ ಹೆಚ್ಚು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹೊಸ ಸಂಬಂಧದ ದುಡುಕನ್ನು ನಾವು ಡೇಟಿಂಗ್ ಆ್ಯಪ್‌ನ ಖಾತೆಗೆ ಬರೆಯುತ್ತೇವೆ. ಆದರೆ ನಮ್ಮಲ್ಲಿ ಅತಿ ಹೆಚ್ಚು ಮರ್ಯಾದೆ ಪಡೆದ ರಿಬೌಂಡ್ ನಡೆಯುವುದು ಕಲ್ಯಾಣಮಂಟಪದಲ್ಲಿ. ಮಗಳ ಪ್ರೇಮ ಮುರಿದುಬಿತ್ತೆಂದು ತಿಳಿದ ಮನೆಗಳಲ್ಲಿ "ಬೇಗ ಒಂದು ಮದುವೆ ಮಾಡಿಬಿಡಿ, ಎಲ್ಲ ಮರೆಯುತ್ತಾಳೆ" ಎಂಬ ಮಾತು ಎಷ್ಟು ಸಹಜವಾಗಿ ಬರುತ್ತದೆಂದರೆ, ಜಾತಕ ಹೊರಬೀಳುವಾಗ ಅವಳ ಕಣ್ಣಿನ ಬಾವು ಇನ್ನೂ ಇಳಿದಿರುವುದಿಲ್ಲ. ಸೇಡಿಗಾಗಿ ಒಪ್ಪುವವರೂ ಇದ್ದಾರೆ. "ಅವನ ಮದುವೆಗಿಂತ ಮೊದಲು ನನ್ನದಾಗಬೇಕು" ಎಂದು ಮೊದಲು ಬಂದ ಗಂಡಿಗೇ ತಲೆಯಾಡಿಸಿದ ಒಬ್ಬಳನ್ನು ನಾನು ಹತ್ತಿರದಿಂದ ಬಲ್ಲೆ. ತಾರಸಿಯ ಮೇಲಿನ ನನ್ನ ಗೆಳತಿ ಕೇಳಿದ್ದು ಒಂದು ರಾತ್ರಿ. ಆ ಇನ್ನೊಬ್ಬಳಿಗೆ ಕಟ್ಟಿದ್ದು ಜೀವಮಾನ. ಉದ್ದೇಶ ಎರಡರಲ್ಲೂ ಒಂದೇ, ಮದ್ದಿನ ಪ್ರಮಾಣ ಮಾತ್ರ ಬೇರೆ. ಅದರಲ್ಲಿ ಯಾವುದು ಹೆಚ್ಚು ದುಡುಕಿನದು ಎಂದು ಕೇಳಿದರೆ, ನಾನು ಮಂಟಪದ ಕಡೆಗೇ ಬೆರಳು ತೋರಿಸುತ್ತೇನೆ.

ಹೀಗೆ ಮದ್ದಾಗಿ ಬಳಕೆಯಾಗುವ ಆ ಇನ್ನೊಬ್ಬ ವ್ಯಕ್ತಿಯ ವಿಚಾರವನ್ನು ಯಾರೂ ಕೇಳುವುದಿಲ್ಲ. ಮುಳ್ಳು ತೆಗೆಯಲು ಬಳಸಿದ ಮುಳ್ಳನ್ನು ಕೆಲಸ ಮುಗಿದ ಮೇಲೆ ಎಸೆಯುತ್ತೇವೆ; ಮನುಷ್ಯನಿಗೆ ಹಾಗೆ ಎಸೆಯಲ್ಪಡುವುದು ತಿಳಿಯುತ್ತದೆ. ಇಬ್ಬರಿಗೂ ಇದು ಎರಡು ದಿನದ ಟೈಂಪಾಸ್ ಎಂದು ಗೊತ್ತಿದ್ದರೆ ಅದು ಅವರಿಬ್ಬರ ಒಪ್ಪಂದ. ಒಬ್ಬರು ಮಾತ್ರ ತಿಳಿದು, ಇನ್ನೊಬ್ಬರು ಅಮ್ಮನಿಗೆ ಪರಿಚಯಿಸುವ ಕನಸು ಕಾಣುತ್ತಿದ್ದರೆ, ಹತ್ತೊಂಬತ್ತು ದಿನಗಳ ಹಿಂದೆ ತನಗಾದದ್ದನ್ನೇ ಇವಳು ಇನ್ನೊಬ್ಬನಿಗೆ ದಾಟಿಸುತ್ತಿದ್ದಾಳೆ.

ಸ್ನೇಹಿತರ ಕೈಯಲ್ಲಿ ಏನಿದೆ ಎಂಬುದಕ್ಕೆ ಬರೋಣ. ರಾತ್ರಿಯಿಡೀ ಬಿಟ್ಟುಹೋದವನ ಬಗ್ಗೆಯೇ ಮಾತಾಡಲು ಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂಬುದು ಅರ್ಧಸತ್ಯ. ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ಶಾಲಾಮಕ್ಕಳು ಮತ್ತು ಹದಿಹರೆಯದವರ ಗೆಳೆತನವನ್ನು ಅಧ್ಯಯನ ಮಾಡಿ, ಇಬ್ಬರು ಸೇರಿ ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಗೆಳೆತನದ ಆಪ್ತತೆಯ ಜೊತೆಗೂ, ಅದೇ ವೇಳೆಗೆ ಖಿನ್ನತೆ ಮತ್ತು ಆತಂಕಗಳ ಜೊತೆಗೂ ಹೆಣೆದುಕೊಂಡಿದೆ ಎಂದು ಗುರುತಿಸಿದರು. ಅವನು ಕಳಿಸಿದ ಕೊನೆಯ ಮೆಸೇಜಿನ "ಸರಿ" ಎಂಬ ಪದದಲ್ಲಿ ಏನರ್ಥವಿತ್ತು ಎಂದು ನಾವಿಬ್ಬರೂ ಮೂರು ರಾತ್ರಿ ಚರ್ಚಿಸಿದ್ದೆವು. ಅದರಿಂದ ನಾವು ಹತ್ತಿರವಾದೆವು, ಅವಳು ಇನ್ನಷ್ಟು ಕುಗ್ಗಿದಳು. ನಾಲ್ಕನೆಯ ರಾತ್ರಿ ನಾನು ಸ್ಕ್ರೀನ್‌ಶಾಟ್ ನೋಡುವುದಿಲ್ಲವೆಂದು ಹೇಳಿ ಅವಳನ್ನು ಊಟಕ್ಕೆ ಎಬ್ಬಿಸಿದೆ. ಎರಡು ದಿನ ಅವಳು ಮುನಿಸಿಕೊಂಡಿದ್ದಳು.

ಉಪದೇಶದ ಬದಲು ಕೇಳಬಹುದಾದ ಪ್ರಶ್ನೆಗಳಿವೆ. ಅವನಿಗೆ ಇದು ಎಂದೂ ತಿಳಿಯುವುದಿಲ್ಲ ಎಂದಾದರೂ ನೀನು ಹೋಗುತ್ತೀಯಾ? ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಅಪರಿಚಿತನಿದ್ದು ಉರಿ ಹಾಗೆಯೇ ಇದ್ದರೆ ಆ ದಿನವನ್ನು ಹೇಗೆ ಕಳೆಯುತ್ತೀಯಾ? ಇದೇ ಆಸೆ ಮಧ್ಯಾಹ್ನ ಎರಡು ಗಂಟೆಗೆ, ಹೊಟ್ಟೆ ತುಂಬಿರುವಾಗಲೂ ಇರುತ್ತದೆಯಾ? ಮೂರನೆಯದೇ ನನ್ನ ಗೆಳತಿಯನ್ನು ನಗಿಸಿದ್ದು. ಹಗಲಿನಲ್ಲೂ ಉಳಿಯುವ ಬಯಕೆಯನ್ನು ಗೌರವಿಸಬೇಕು. ರಾತ್ರಿಯಲ್ಲಿ ಮಾತ್ರ ಹುಟ್ಟುವುದಕ್ಕೆ ಬೇಕಾದದ್ದು ಜೊತೆಗೆ ಮಲಗಲು ಬರುವ ಒಬ್ಬ ಗೆಳತಿ ಮತ್ತು ಇನ್ನೊಂದು ಕೋಣೆಯಲ್ಲಿಟ್ಟ ಫೋನ್. ನೋವು ಎಂದಿಗೂ ಮುಗಿಯದು ಎಂಬ ಅವಳ ಖಾತ್ರಿಗೂ ಒಂದು ಉತ್ತರವಿದೆ. ಪಾಲ್ ಈಸ್ಟ್‌ವಿಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂಬತ್ತು ತಿಂಗಳ ಅಧ್ಯಯನದಲ್ಲಿ, ಬ್ರೇಕಪ್ ಆದರೆ ತಮಗೆಷ್ಟು ನೋವಾದೀತೆಂದು ಯುವಜನರು ಮೊದಲೇ ಊಹಿಸಿದ್ದಕ್ಕಿಂತ ನಿಜವಾಗಿ ಆದ ನೋವು ಕಡಿಮೆಯೇ ಇತ್ತು. ಇದನ್ನು ಹತ್ತೊಂಬತ್ತನೆಯ ದಿನ ಹೇಳಿದರೆ ಹೊಡೆತ ಬೀಳಬಹುದು. ನಲವತ್ತನೆಯ ದಿನದವರೆಗೆ ಕಾದು ಹೇಳಿ.

ಇಷ್ಟೆಲ್ಲ ಆದಮೇಲೂ ಅವಳು ಹೋಗುತ್ತಾಳೆ ಎಂದಾದರೆ, ಅದು ವಯಸ್ಕಳೊಬ್ಬಳ ನಿರ್ಧಾರ. ಆಗ ಗೆಳತಿಯ ಕೆಲಸ ಮುನಿಸಿಕೊಳ್ಳುವುದಲ್ಲ, ಲೊಕೇಶನ್ ಹಂಚಿಕೊಳ್ಳುವಂತೆ ಮಾಡುವುದು. ಮೊದಲ ಭೇಟಿ ಜನರಿರುವ ಜಾಗದಲ್ಲಿ, ಹಗಲಿನಲ್ಲಿ, ಕುಡಿಯದೆ ನಡೆಯಲಿ. ಕಾಂಡೋಮ್ ತನ್ನ ಕೈಚೀಲದಲ್ಲೇ ಇರಲಿ, ಅವನು ತರುತ್ತಾನೆಂಬ ಭರವಸೆ ಬೇಡ. ಎಚ್ಚರ ತಪ್ಪಿದರೆ ಗಡಿಯಾರವನ್ನು ನೆನಪಿಡಬೇಕು: ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ತೆಗೆದುಕೊಳ್ಳಬೇಕು, ಅದು ಯಾವ ಸೋಂಕನ್ನೂ ತಡೆಯುವುದಿಲ್ಲ. ಎಚ್‌ಐವಿ ಸೋಂಕಿನ ಶಂಕೆಯಿದ್ದರೆ ಅದನ್ನು ತಡೆಯುವ ಚಿಕಿತ್ಸೆಯನ್ನೂ 72 ಗಂಟೆಯೊಳಗೇ ಆರಂಭಿಸಿ 28 ದಿನ ಮುಂದುವರಿಸಬೇಕಾಗುತ್ತದೆ. ಎಲ್ಲಿ ಹೋಗಬೇಕೆಂದು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಬಹುದು. ಮುಖ ಕಾಣುವ ಖಾಸಗಿ ಫೋಟೋ, ವಿಡಿಯೊ ಕರೆಯಲ್ಲಿ ಬಟ್ಟೆ ಕಳಚುವುದು ಯಾವ ಕಾರಣಕ್ಕೂ ಬೇಡ, ಏಕೆಂದರೆ ಎದೆಯೊಡೆದವರನ್ನೇ ಹುಡುಕಿ ಬಲೆ ಬೀಸುವವರಿದ್ದಾರೆ. ಹಣಕ್ಕಾಗಿ ಬೆದರಿಸಿದರೆ ಕೊಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ದುಡುಕು ಸಾವಿನ ಮಾತಿಗೆ ತಿರುಗಿದರೆ, ಅಥವಾ ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋದರೆ, ಅದು ಸ್ನೇಹಿತರ ಕೈ ಮೀರಿದ ಸಂಗತಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ಪ್ರೇಮಭಂಗಕ್ಕೆಲ್ಲ ಡಾಕ್ಟರೇ ಎಂದು ನಗುವ ಮನೆಯವರಿಗೆ, ಪ್ರೇಮ ಪ್ರಕರಣಗಳೂ ಆತ್ಮಹತ್ಯೆಯ ಕಾರಣಗಳಲ್ಲಿ ಒಂದಾಗಿ ಸರ್ಕಾರಿ ದಾಖಲೆಗಳಲ್ಲಿ ಪ್ರತಿವರ್ಷ ಬರುತ್ತದೆ ಎಂಬುದನ್ನು ತಿಳಿಸಬೇಕು.

ನನ್ನ ಗೆಳತಿ ಕೊನೆಗೂ ಹೋದಳು. ಆ ರಾತ್ರಿಯಲ್ಲ, ಹನ್ನೆರಡು ದಿನ ಬಿಟ್ಟು, ಜಯನಗರದ ಒಂದು ಹೋಟೆಲಿಗೆ, ಮಧ್ಯಾಹ್ನ. ಆ್ಯಪ್‌ನಲ್ಲಿ ಪರಿಚಯವಾದ ಹುಡುಗನೆದುರು ಕುಳಿತು ಒಂದೂವರೆ ಗಂಟೆ ಹಳೆಯ ಹುಡುಗನ ಬಗ್ಗೆಯೇ ಮಾತಾಡಿದಳಂತೆ. ಅವನು ಎರಡನೆಯ ಕಾಫಿ ತರಿಸಿ ಕೇಳಿಸಿಕೊಂಡು, ತನಗೂ ಹೋದ ವರ್ಷ ಹೀಗೇ ಆಗಿತ್ತೆಂದು ಹೇಳಿ, ಬಿಲ್ಲಿನಲ್ಲಿ ತನ್ನ ಪಾಲು ಕೊಟ್ಟು ಎದ್ದುಹೋದನಂತೆ. ಅವರು ಮತ್ತೆ ಭೇಟಿಯಾಗಲಿಲ್ಲ. ಅದು ರಿಬೌಂಡೋ ಅಲ್ಲವೋ ನನಗೆ ತಿಳಿಯದು. ಸಂಜೆ ತಾರಸಿಗೆ ಬಂದವಳು ಹಳೆಯ ಫೋಟೋ ತೆಗೆದುಹಾಕಬೇಕೆಂದಳು. ಒಣಗಿದ ಬಟ್ಟೆಗಳ ಮುಂದೆ ನಿಲ್ಲಿಸಿ ಏಳು ಫೋಟೋ ತೆಗೆದೆ, ಏಳರಲ್ಲೂ ಅವಳಿಗೆ ಕೂದಲು ಸರಿಯಿರಲಿಲ್ಲ. ಕೆಳಗಿಳಿಯುವಾಗ, "ನಾವು ಮುಂದಿನ ಭಾನುವಾರ ನಂದಿಬೆಟ್ಟಕ್ಕೆ ಹೋಗೋಣ" ಎಂದಳು. ಆ "ನಾವು" ಯಾರೆಂದು ನಾನು ಕೇಳಲಿಲ್ಲ. ಎಷ್ಟು ಗಂಟೆಗೆ ಹೊರಡೋದು ಎಂದಷ್ಟೇ ಕೇಳಿದೆ.